ಮಣಿಯದವಳು

ಮಾರ್ಚ್ ೩, ಸೋಮವಾರ

ಇವತ್ತು ನಮ್ಮ ಟೈರ್ ಅಂಗಡಿಯ ಷಟರ್ ಎತ್ತಿದೆವು. ಇವರು ಹೋಗಿ ಇಪ್ಪತ್ತೊಂದು ದಿನವಾಯಿತು. ಕಂಪ್ರೆಸರ್ ಪಕ್ಕದಲ್ಲಿ ಗಾಳಿಯ ಪೈಪು ಕೈಯಲ್ಲಿ ಹಿಡಿದುಕೊಂಡೇ ಕುಸಿದಿದ್ದರು. ಮಶೀನಿನ ಮುಂದೆ ಬೆನ್ನು ತಿರುಗಿಸಿ ನಿಂತಿದ್ದ ನಾನು, "ರೀ, ಗಾಳಿ ಸುಮ್ನೆ ಹೋಗ್ತಿದೆ, ಮುಚ್ಚಿ" ಎಂದು ಗದರಿದೆ. ಉತ್ತರ ಬರಲಿಲ್ಲವೆಂದು ತಿರುಗಿ ನೋಡಿ ಓಡಿದೆ. ಕಾಲಡಿ ಏನೋ ಸಣ್ಣ ಕಾಳಿನಂಥದ್ದು ಉರುಳಿ, ಜಾರಿ ಬಿದ್ದು ಮೊಣಕಾಲು ತರಚಿತು. ಇಪ್ಪತ್ತಾರು ವರ್ಷ ಸಂಸಾರ ಮಾಡಿ ನಾನು ಅವರಿಗೆ ಆಡಿದ ಕೊನೆಯ ಮಾತು ಗಾಳಿಯ ವಿಚಾರ.

ಈ ಡೈರಿಯನ್ನೂ ಇವರೇ ತಂದಿಟ್ಟಿದ್ದರು. ಪ್ರತಿ ವರ್ಷ ತರುತ್ತಿದ್ದರು, ನಾನು ಪ್ರತಿ ವರ್ಷ ಖಾಲಿ ಬಿಡುತ್ತಿದ್ದೆ. ಈ ಸಲ ಅಗಲ ಗೆರೆಯದು ತಂದಿದ್ದಾರೆ, ಮೊದಲನೇ ತರಗತಿಯ ಮಕ್ಕಳಿಗೆ ಕೊಡುವಂಥದ್ದು. ಅಚ್ಚು ಬೇರೆ ಸರಿಯಿಲ್ಲ, ಪುಟದ ನಡುವೆ ಗೆರೆಗಳೆಲ್ಲ ಡೊಂಕು. ಯಾವ ಪುಣ್ಯಾತ್ಮ ಅಚ್ಚು ಹಾಕಿದನೋ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ ಮೇಲೆ ಡೊಂಕು ಗೆರೆಯಾದರೇನು, ಬರೆಯುತ್ತೇನೆ.

ಮೈದುನ ಪೀಠೋಪಕರಣದ ಅಂಗಡಿಯ ಡ್ರೈವರ್ ಕೆಲಸ ಬಿಟ್ಟು ಬಂದಿದ್ದಾನೆ. ನಲವತ್ತು ದಾಟಿದ ಗಂಡಸು, ನನ್ನೆದುರು ಈಗಲೂ ತಲೆ ಕೆರೆದುಕೊಂಡು ನಿಲ್ಲುತ್ತಾನೆ. ಅವನಿಗೆ ಇವತ್ತು ಪಾಠ ಹೇಳಿದೆ. ಟೈರ್ ಬಿಚ್ಚುವುದು, ಹಾಕುವುದು, ಗಾಳಿ ತುಂಬುವುದು ನಿನ್ನ ಅಣ್ಣನ ಕೆಲಸವಾಗಿತ್ತು, ಇನ್ನು ನಿನ್ನದು. ಬ್ಯಾಲೆನ್ಸಿಂಗ್ ನನ್ನದು. ಯಾವ ಚಕ್ರವೂ ಸುತ್ತಲೂ ಒಂದೇ ತೂಕ ಇರುವುದಿಲ್ಲ. ಮಶೀನಿಗೆ ಹಾಕಿ ತಿರುಗಿಸಿದರೆ ಎಲ್ಲಿ ಎಷ್ಟು ಗ್ರಾಂ ಕಮ್ಮಿ ಎಂದು ಹೇಳುತ್ತದೆ, ಅಲ್ಲಿ ರಿಮ್ಮಿಗೆ ಸೀಸದ ತುಂಡು ಬಡಿಯಬೇಕು. ಬಡಿಯದಿದ್ದರೆ ಗಾಡಿ ವೇಗ ಹಿಡಿದಾಗ ಸ್ಟಿಯರಿಂಗ್ ನಡುಗುತ್ತದೆ. ಅವನು ಮಶೀನ್ ಕೆಲಸವನ್ನೂ ಕಲಿಸಿ ಎಂದ. ಅದು ನಾನು ಸತ್ತ ಮೇಲೆ ಎಂದೆ. ಇವರು ನನ್ನನ್ನು ತಕ್ಕಡಿ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಗಿರಾಕಿಗಳಿಗೂ ನಾನು ತಕ್ಕಡಿ ಅಕ್ಕ. ನನ್ನ ಕೈ ದಾಟಿದ ಚಕ್ರ ಒಂದೂ ವಾಪಸ್ ಬಂದದ್ದಿಲ್ಲ.

ಮಾರ್ಚ್ ೭, ಶುಕ್ರವಾರ

ಬ್ರೆಡ್ ವ್ಯಾನಿನವನು ವಾಪಸ್ ಬಂದ. ಸೋಮವಾರ ಮುಂದಿನ ಎರಡು ಚಕ್ರ ಹೊಸದು ತಂದು ಬ್ಯಾಲೆನ್ಸ್ ಮಾಡಿಸಿಕೊಂಡು ಹೋಗಿದ್ದ. ಅರವತ್ತು ದಾಟಿದರೆ ಸ್ಟಿಯರಿಂಗ್ ಹಿಡಿಯಲು ಆಗುವುದಿಲ್ಲವಂತೆ. ಬ್ರೆಡ್ಡು ಹೊತ್ತುಕೊಂಡು ನೀನು ಯಾವ ರೇಸಿಗೆ ಹೊರಟಿದ್ದೆ ಎಂದು ಬಾಯಿ ಮುಚ್ಚಿಸಿದೆ. ಆದರೂ ಬಿಚ್ಚಿಸಿ ಮತ್ತೆ ಮಾಡಿಕೊಟ್ಟೆ. ಹೋಗುವಾಗ ಅವನು, "ಅಣ್ಣ ಇದ್ದಾಗ ಹೀಗಾಗ್ತಿರಲಿಲ್ಲ" ಎಂದ. ಬ್ಯಾಲೆನ್ಸ್ ಮಾಡುತ್ತಿದ್ದವಳು ನಾನು, ಅವರಲ್ಲ. ಹೇಳುವಷ್ಟರಲ್ಲಿ ವ್ಯಾನು ಹೊರಟುಹೋಗಿತ್ತು.

ಮಾರ್ಚ್ ೧೩, ಗುರುವಾರ

ಈ ವಾರ ಇನ್ನೂ ಮೂರು ಗಾಡಿ ವಾಪಸ್. ನನ್ನ ಕೈಗೆ ಏನಾಗಿದೆ? ಮನಸ್ಸು ನೆಟ್ಟಗಿಲ್ಲದಿದ್ದರೆ ಕೈಯೂ ನೆಟ್ಟಗಿರುವುದಿಲ್ಲವೇನೋ. ಇಲ್ಲ, ಮಶೀನೇ ಕೆಟ್ಟಿರಬೇಕು. ಪರದೆಯ ಅಂಕಿಗಳು ಮಂಕಾಗಿವೆ. ಮೇಲಿನ ಬಲ್ಬನ್ನು ಇವರು ಎರಡು ಸಲ ಬದಲಾಯಿಸಿ ದೊಡ್ಡದು ಹಾಕಿದ್ದರು, ಅದೂ ಈಗ ಮಬ್ಬು. ಎಲ್ಲವೂ ಇವರ ಜೊತೆಗೇ ಹೋದ ಹಾಗಿದೆ.

ಇವತ್ತು ಹೈಸ್ಕೂಲಿನ ಟೀಚರ್ ಬಂದಿದ್ದರು. ಅವರ ಕಾರಿನ ರಿಮ್ ಬಗ್ಗಿತ್ತು. ಅಂಚು ಹಾವಿನಂತೆ ಹರಿಯುವುದು ಕಣ್ಣಿಗೆ ಕಾಣುತ್ತಿತ್ತು. ಇದಕ್ಕೆ ಬ್ಯಾಲೆನ್ಸ್ ಮಾಡಿ ಪ್ರಯೋಜನವಿಲ್ಲ, ಹೊಸ ರಿಮ್ ಹಾಕಿಸಿ ಎಂದು ಕಳಿಸಿದೆ. ಮೈದುನ ರಿಮ್ಮನ್ನೂ ನನ್ನನ್ನೂ ಎರಡೆರಡು ಸಲ ನೋಡಿದ.

ಮಾರ್ಚ್ ೧೮, ಮಂಗಳವಾರ

ಮಶೀನ್ ರಿಪೇರಿಯವನು ಬಂದು ಎರಡು ಗಂಟೆ ಕೂತು ಪರೀಕ್ಷೆ ಮಾಡಿದ. ನೂರು ಗ್ರಾಂ ಇಟ್ಟರೆ ನೂರೇ ತೋರಿಸುತ್ತದೆ, ಮಶೀನಿಗೆ ಏನೂ ಆಗಿಲ್ಲ ಎಂದು ಚೀಲ ಎತ್ತಿಕೊಂಡ. ಅವನ ಮುಖ ನೋಡಲು ನಾಚಿಕೆಯಾಯಿತು.

ಮಾರ್ಚ್ ೧೯, ಬುಧವಾರ

ಅಭ್ಯಾಸಬಲದಿಂದ ಎರಡು ಲೋಟಕ್ಕೆ ಟೀ ಬಗ್ಗಿಸಿದೆ. ಎರಡನೆಯದು ಆರಿ ತಣ್ಣಗಾಯಿತು. ಚೆಲ್ಲಲು ಕೈ ಬರಲಿಲ್ಲ.

ಮಾರ್ಚ್ ೨೫, ಮಂಗಳವಾರ

ಪೆನ್ನು ಒತ್ತಿ ಒತ್ತಿ ಹಾಳೆ ಹರಿಯುತ್ತಿದೆ. ಸಿಟ್ಟಿಗೆ.

ಆಂಬುಲೆನ್ಸ್ ಡ್ರೈವರ್ ದೂರದ ಊರಿಗೆ ಹೋಗಬೇಕೆಂದು ಮುಂದಿನ ಚಕ್ರ ಒಮ್ಮೆ ನೋಡಿ ಅಕ್ಕಾ ಎಂದ. ಆರು ತಿಂಗಳ ಹಿಂದೆ ನಾನೇ ಮಾಡಿದ ಚಕ್ರ. ವಾಲ್ವಿನ ಮೇಲೆ ನಮ್ಮ ಅಂಗಡಿಯ ನೀಲಿ ಮುಚ್ಚಳ. ಎರಡು ವರ್ಷದಿಂದ ಇವರು ಗಾಳಿ ತುಂಬಿದ ಮೇಲೆ ಕಪ್ಪು ಮುಚ್ಚಳ ತೆಗೆದು ನೀಲಿಯದು ಹಾಕುತ್ತಿದ್ದರು. ಯಾಕೆ ಈ ಶೋಕಿ ಎಂದರೆ, ನಮ್ಮ ಅಂಗಡಿ ಗುರುತು ಬೇಡ್ವಾ ತಕ್ಕಡಿ ಎನ್ನುತ್ತಿದ್ದರು.

ಟೈರ್ ಬಿಚ್ಚದೆ ಹಾಗೇ ಮಶೀನಿಗೆ ಹಾಕಿ ತಿರುಗಿಸಿದೆ. ನಲವತ್ತು ಗ್ರಾಂ ಬಲಕ್ಕೆ ಎಂದಿತು. ಮತ್ತೆ ತಿರುಗಿಸಿದೆ, ಇಪ್ಪತ್ತು, ಎಡಕ್ಕೆ. ಮೂರನೆಯ ಸಲ ಇನ್ನೆಲ್ಲೋ ಐವತ್ತೈದು. ತಲೆ ಕೆಟ್ಟುಹೋಯಿತು. ಆಗ ಚಕ್ರ ನಿಧಾನವಾಗುತ್ತಾ ಬಂತು, ಒಳಗಿಂದ ಸರಸರ ಸದ್ದು ಕೇಳಿಸಿತು. ನನ್ನ ಕಿವಿ ಸುಳ್ಳು ಹೇಳುವುದಿಲ್ಲ. ಬಿಚ್ಚು ಎಂದೆ. ಮೈದುನ ಟೈರಿನ ಅಂಚು ಎಬ್ಬಿಸಿದ. ನೆಲಕ್ಕೆ ಬಿಳಿ ಮಣಿಗಳು ಸುರಿದವು.

ಮಣಿ. ಬ್ಯಾಲೆನ್ಸಿಂಗ್ ಮಣಿ. ಮೂರು ವರ್ಷದ ಹಿಂದೆ ಒಬ್ಬ ಸೇಲ್ಸಿನವನು ಇದನ್ನು ಹೊತ್ತು ತಂದಿದ್ದ. ಒಂದು ಚೀಲ ಟೈರಿನೊಳಗೆ ಸುರಿದರೆ ಆಯಿತಂತೆ, ಸೀಸ ಬೇಡ, ಮಶೀನ್ ಬೇಡ. ಗಾಡಿ ಓಡುವಾಗ ಮಣಿಗಳೇ ಉರುಳಿಕೊಂಡು ಎಲ್ಲಿ ಹಗುರವೋ ಅಲ್ಲಿಗೆ ಹೋಗಿ ಕೂರುತ್ತವಂತೆ. ಹಾಗಾದರೆ ನಾನೂ ಬೇಡ ಎಂದಾಯಿತಲ್ಲ ಎಂದು ಅವನನ್ನು ಓಡಿಸಿದೆ. ನಾನು ಮಣಿಗೆ ಮಣಿಯುವವಳಲ್ಲ ಎಂದಿದ್ದೆ. ಆ ಮಾತಿಗೆ ಇವರು ಮೂರು ದಿನ ನಕ್ಕರು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, "ಆಯ್ತು ತಕ್ಕಡಿ, ನೀನಿರೋವರೆಗೂ ಈ ಅಂಗಡಿಯೊಳಗೆ ಮಣಿ ಬರಲ್ಲ" ಎಂದು ಮಾತು ಕೊಟ್ಟರು.

ಮಾತು ಕೊಟ್ಟವರು ಅವರೇ.

ಮಾರ್ಚ್ ೨೬, ಬುಧವಾರ

ಕಂಪ್ರೆಸರ್ ಹಿಂದೆ, ಹಳೇ ಗೋಣಿಚೀಲದ ಕೆಳಗೆ ಒಂದು ತಗಡಿನ ಡಬ್ಬ ಸಿಕ್ಕಿತು. ಮಣಿಯ ಚೀಲಗಳು, ಹೆಚ್ಚಿನವು ಖಾಲಿ. ಸಣ್ಣ ಆಲಿಕೆ. ಮಣಿ ಹೊರಬರದಂತೆ ವಾಲ್ವಿಗೆ ಹಾಕುವ ಜಾಲರಿಯ ಪಿನ್ನುಗಳು. ನೀಲಿ ಮುಚ್ಚಳಗಳು.

ಈಗ ಎಲ್ಲ ಅರ್ಥವಾಗುತ್ತಿದೆ. ನಾನು ಬ್ಯಾಲೆನ್ಸ್ ಮಾಡಿ ಕೊಟ್ಟ ಚಕ್ರವನ್ನು ಇವರು ಕಂಪ್ರೆಸರ್ ಕಡೆಗೆ ಉರುಳಿಸಿಕೊಂಡು ಹೋಗುತ್ತಿದ್ದರು. ನೀನು ಟೀ ಕುಡಿ, ಗಾಳಿ ನಾನು ನೋಡಿಕೊಳ್ತೀನಿ ಎನ್ನುತ್ತಿದ್ದರು. ಆ ಕಂಪ್ರೆಸರ್ ಗದ್ದಲದಲ್ಲಿ ನನ್ನ ಬೆನ್ನ ಹಿಂದೆ ಮಣಿ ಸುರಿಯುತ್ತಿದ್ದರು. ಆ ಗಾಡಿ ಮತ್ತೆ ಬಂದರೆ ಬಿಚ್ಚುವವರೂ ಅವರೇ, ಮಣಿ ಖಾಲಿ ಮಾಡಿ ನನ್ನ ಕೈಗೆ ಕೊಡುವವರೂ ಅವರೇ. ನನಗೆ ಹೇಗೆ ಗೊತ್ತಾಗಬೇಕು?

ಅವತ್ತು ನನ್ನ ಕಾಲಡಿ ಉರುಳಿದ ಕಾಳೂ ಇದೇ. ಕೊನೆಯ ಉಸಿರಿನಲ್ಲೂ ಇವರು ಇದೇ ಕೆಲಸದಲ್ಲಿದ್ದರು.

ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ಲವೇ? ಎರಡು ವರ್ಷ ನನ್ನನ್ನು ಆಟದ ಗೊಂಬೆಯ ಹಾಗೆ ಮಶೀನಿನ ಮುಂದೆ ನಿಲ್ಲಿಸಿ, ಶಹಬ್ಬಾಸ್ ತಕ್ಕಡಿ ಎಂದು ಬೆನ್ನು ತಟ್ಟಿ, ಆ ಕಡೆ ಹೋಗಿ ನನ್ನ ಕೆಲಸವನ್ನು ಅಳಿಸಿಹಾಕಿದರು. ಹೀಗೆ ಮಾಡುವ ಬದಲು ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೧, ಮಂಗಳವಾರ

ಜಗಳ ಆಡೋಣವೆಂದರೆ ಎದುರಿಗೆ ಆಳಿಲ್ಲ. ಗೋಡೆಯ ಮೊಳೆಗೆ ಅವರ ನೀಲಿ ಅಂಗಿ ಹಾಗೇ ನೇತಾಡುತ್ತಿದೆ. ಅದಕ್ಕೇ ಬೈದೆ. ಬೈದು ಮುಗಿದ ಮೇಲೆ ಅದರಲ್ಲೇ ಮುಖ ಒರೆಸಿಕೊಂಡೆ. ಗ್ರೀಸಿನ ವಾಸನೆ ಇನ್ನೂ ಹೋಗಿಲ್ಲ.

ಏಪ್ರಿಲ್ ೪, ಶುಕ್ರವಾರ

ಟೀಚರ್ ಮತ್ತೆ ಬಂದಿದ್ದರು. ಜಗಳಕ್ಕಲ್ಲ, ಅವರು ಮೆತ್ತಗಿನ ಮನುಷ್ಯರು. ಬೇರೆ ಅಂಗಡಿಯಲ್ಲಿ ತೋರಿಸಿದರಂತೆ, ರಿಮ್ಮಿನಲ್ಲಿ ಕೂದಲೆಳೆಯಷ್ಟೂ ಬಾಗು ಇಲ್ಲವಂತೆ. ಹೋಗುತ್ತಿದ್ದ ದಾರಿ, ಹೇಳಿ ಹೋಗೋಣ ಅನ್ನಿಸಿತು ಎಂದು ಹೋದರು.

ಅವರು ಹೋದ ಮೇಲೆ ಮೈದುನ ಸ್ಟೀಲ್ ಪಟ್ಟಿ ತಂದು ನನ್ನ ಮುಖದೆದುರು ಅಡ್ಡ ಹಿಡಿದ.

"ಅತ್ತಿಗೆ, ಇದು ನೆಟ್ಟಗಿದೆಯಾ?"

ನೋಡಿದೆ. ನಡುವೆ ತಗ್ಗಿತ್ತು. "ಬಗ್ಗಿಸಿಟ್ಟಿದ್ದೀಯಲ್ಲೋ, ಎಲ್ಲಿ ಬೀಳಿಸಿದೆ?" ಎಂದೆ.

ಅವನು ನನ್ನ ತೋರುಬೆರಳು ಹಿಡಿದು ಪಟ್ಟಿಯ ಅಂಚಿನ ಮೇಲಿಟ್ಟು ಈ ಕೊನೆಯಿಂದ ಆ ಕೊನೆಗೆ ಎಳೆದ. ಬೆರಳು ನೆಟ್ಟಗೆ ಹೋಯಿತು. ಮತ್ತೆ ನಾನೇ ಎಳೆದೆ, ನೆಟ್ಟಗೆ. ಬೆರಳಿಗೆ ನೆಟ್ಟಗಿರುವುದು ಕಣ್ಣಿಗೆ ಡೊಂಕು. ಷಟರ್ ನೋಡಿದೆ, ಅದರ ಪಟ್ಟಿಗಳೂ ನಡುವೆ ಕುಗ್ಗಿದ್ದವು. ಡೈರಿ ತೆಗೆದು ನೋಡಿದೆ. ಅಚ್ಚಿನವನದೇನೂ ತಪ್ಪಿರಲಿಲ್ಲ.

ಮೈದುನ ಪಟ್ಟಿಯನ್ನು ಅದರ ಜಾಗದಲ್ಲಿಟ್ಟು ಬಂದು, "ಡಾಕ್ಟ್ರ ಹತ್ರ ಹೋಗೋಣ ಅತ್ತಿಗೆ" ಎಂದ. ಇವರೂ ಒಮ್ಮೆ ಇದೇ ಮಾತು ಹೇಳಿದ್ದರು. ನನ್ನ ಕಣ್ಣಿಗೇನು ಧಾಡಿ ಎಂದು ಎಗರಿಬಿದ್ದಿದ್ದೆ. ಮತ್ತೆ ಅವರು ಆ ಸುದ್ದಿ ಎತ್ತಲಿಲ್ಲ.

ಏಪ್ರಿಲ್ ೯, ಬುಧವಾರ

ಕಣ್ಣಿನ ಡಾಕ್ಟರಮ್ಮ ಚೌಕಗಳಿರುವ ಕಾಗದ ತೋರಿಸಿದರು. ನಡುವಿನ ಚೌಕಗಳು ನನಗೆ ಇರಲೇ ಇಲ್ಲ. ಕಣ್ಣಿನ ಪರದೆಯ ನಡುಭಾಗ ಸವೆದಿದೆಯಂತೆ. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಹೋದದ್ದು ಬರುವುದಿಲ್ಲ, ತಿಂಗಳಿಗೊಂದು ಸೂಜಿ ಹಾಕಿಸಿಕೊಂಡರೆ ಉಳಿದದ್ದು ನಿಲ್ಲಬಹುದು ಎಂದರು. ಇಷ್ಟು ದಿನ ಹೇಗೆ ಗೊತ್ತಾಗಲಿಲ್ಲ, ಶುರುವಾಗಿ ಕನಿಷ್ಠ ಎರಡು ವರ್ಷ ಆಗಿರಬೇಕಲ್ಲ ಎಂದು ಅವರಿಗೇ ಆಶ್ಚರ್ಯ.

ಎರಡು ವರ್ಷ. ನೀಲಿ ಮುಚ್ಚಳ ಬಂದದ್ದೂ ಆಗಲೇ. ದೊಡ್ಡ ಬಲ್ಬು ಬಂದದ್ದೂ ಆಗಲೇ. ಬೆಳಗ್ಗೆ ಇವರು ಪೇಪರನ್ನು ನನಗೆ ಗಟ್ಟಿಯಾಗಿ ಓದಿ ಹೇಳಲು ಶುರುಮಾಡಿದ್ದೂ ಆಗಲೇ. ವಯಸ್ಸಾಗುತ್ತಾ ಬಾಯಿ ಹೆಚ್ಚಾಯಿತು ನಿಮಗೆ ಎಂದು ರೇಗಿಸುತ್ತಿದ್ದೆ. ನನ್ನ ಕಣ್ಣು ಹೋಗುತ್ತಿರುವುದು ನನಗಿಂತ ಮೊದಲು ಅವರಿಗೆ ಗೊತ್ತಾಗಿತ್ತು.

ಬಸ್ಸಿನಲ್ಲಿ ಬರುವಾಗ ಮೈದುನ ಬಾಯಿಬಿಟ್ಟ. ಮೊದಲು ಕೆಟ್ಟದ್ದು ಅವನ ಪೀಠೋಪಕರಣದ ವ್ಯಾನಿನ ಚಕ್ರವಂತೆ. ನಾನು ಬ್ಯಾಲೆನ್ಸ್ ಮಾಡಿದ ಮೇಲೂ ನಡುಗುತ್ತದೆ ಎಂದು ಅಣ್ಣನಿಗೆ ಹೇಳಿದನಂತೆ. ಇವರು ಮಶೀನಿನ ಪರದೆ ನೋಡಿ, ನಾನು ಬಡಿದ ಸೀಸ ನೋಡಿದರಂತೆ. ಮೂವತ್ತೈದು ಎಂದಿದ್ದ ಕಡೆ ಎಂಬತ್ತೈದು ಬಡಿದಿದ್ದೆನಂತೆ. ಅತ್ತಿಗೆಗೆ ಹೇಳು ಎಂದರೆ ಇವರು ಒಪ್ಪಲಿಲ್ಲವಂತೆ.

"ಏನಂದ್ರು?" ಎಂದೆ.

ಅವನು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದ. "ಅವಳು ಆ ಮಶೀನ್ ಮುಂದೆ ನಿಂತಿರೋದು ನೋಡಿದ್ದೀಯಾ? ಅದನ್ನ ಅವಳ ಕೈಯಿಂದ ಕಿತ್ಕೊಳ್ಳೋದು ನನ್ನಿಂದ ಆಗಲ್ಲ ಕಣೋ, ಅಂದ."

ಒಳ್ಳೆಯ ಮಾತೇ. ಆದರೂ ಒಪ್ಪಲು ಮನಸ್ಸಿಲ್ಲ. ಅವರು ಕಾಪಾಡಿದ್ದು ಅಂಗಡಿಯ ಹೆಸರನ್ನು, ಗಿರಾಕಿಗಳನ್ನು. ನನ್ನ ಕೆಲಸ ಕೆಲಸಕ್ಕೆ ಬಾರದ್ದು ಎಂದು ಎರಡು ವರ್ಷ ದಿನಾ ನೋಡಿಕೊಂಡೇ ನನ್ನ ಪಕ್ಕ ಕೂತು ಊಟ ಮಾಡಿದರಲ್ಲ.

ಏಪ್ರಿಲ್ ೧೪, ಸೋಮವಾರ

ಮಶೀನಿನ ಬೀಗದ ಕೈ ಮೈದುನನ ಕೈಗಿಟ್ಟೆ. ಅವನು ಅತ್ತ. ನಾನು ಅಳಲಿಲ್ಲ.

ಏಪ್ರಿಲ್ ೨೨, ಮಂಗಳವಾರ

ಮೊದಲ ಸೂಜಿ ಇವತ್ತು. ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ, ಬಸ್ಸು ಬೇಡವೆಂದು ಮೈದುನ ಇವರ ಕಾರು ತೆಗೆದ. ಅವರು ಹೋದ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಪಕ್ಕದ ಸೀಟು ನನ್ನದೇ. ಎರಡು ವರ್ಷದಿಂದ ದಿನಾ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಈ ಸೀಟಿನಲ್ಲಿ ಕೂತೇ ಹೋದವಳು.

ಊರು ದಾಟಿ ದೊಡ್ಡ ರಸ್ತೆಗೆ ಬಿದ್ದೆವು. ಅರವತ್ತಾಯಿತು. ಎಪ್ಪತ್ತಾಗುತ್ತಿದ್ದಂತೆ ಸ್ಟಿಯರಿಂಗ್ ನಡುಗಲು ಶುರುವಾಯಿತು. ನನ್ನ ಕಾಲ ಕೆಳಗಿನ ತಗಡು, ಬಾಗಿಲು, ಕನ್ನಡಿ ಎಲ್ಲ ನಡುಗಿದವು. ಮೈದುನ ಎರಡೂ ಕೈಯಲ್ಲಿ ಅಮುಕಿ ಹಿಡಿದುಕೊಂಡು ಬದಿಗೆ ತಂದು ನಿಲ್ಲಿಸಿದ.

"ಅತ್ತಿಗೆ, ಅಣ್ಣ ಇದನ್ನ ಹೇಗೆ ಓಡಿಸ್ತಿದ್ದ?"

ಹೇಗೆ ಓಡಿಸುತ್ತಿದ್ದರು? ಐವತ್ತರಲ್ಲಿ. ಮೊದಲೆಲ್ಲ ಗಾಳಿಯ ಹಾಗೆ ಓಡಿಸುತ್ತಿದ್ದವರು ಆಮೇಲೆ ಐವತ್ತು ದಾಟಿದವರಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆದರೆ ಕಿಟಕಿಯಿಂದ ಕೈ ಹಾಕಿ, ಹೋಗ್ರಪ್ಪಾ ಹೋಗಿ ಎಂದು ಸನ್ನೆ ಮಾಡುತ್ತಿದ್ದರು. ನಾವೇನು ಮೆರವಣಿಗೆ ಹೊರಟಿದ್ದೀವಾ, ಇಳಿದು ನಡೆದುಕೊಂಡು ಹೋದರೂ ಮೊದಲು ಮುಟ್ಟುತ್ತೇನೆ ಎಂದು ನಾನು ದಾರಿಯುದ್ದಕ್ಕೂ ಚುಚ್ಚುತ್ತಿದ್ದೆ. ಅವರು ನಕ್ಕು, "ಪಕ್ಕದಲ್ಲಿ ನೀನಿದ್ದೀಯ, ಅವಸರ ಏನು" ಎನ್ನುತ್ತಿದ್ದರು.

ಕೆಳಗಿಳಿದೆ. ಚಕ್ರದ ಹತ್ತಿರ ಕೂತು, ನೇರ ನೋಡದೆ ಕಣ್ಣಂಚಿನಲ್ಲಿ ನೋಡಿದೆ. ನಾಲ್ಕೂ ವಾಲ್ವಿಗೆ ಕಪ್ಪು ಮುಚ್ಚಳ. ಒಂದೂ ನೀಲಿಯಿಲ್ಲ. ರಿಮ್ಮಿನ ಅಂಚಿನ ಮೇಲೆ ಬೆರಳಾಡಿಸಿದರೆ ನಾನು ಬಡಿದ ಸೀಸ ಸಿಕ್ಕಿತು. ಹೊಸ ಟೈರ್ ಹಾಕಿದಾಗ, ಹತ್ತಿರ ಹತ್ತಿರ ಎರಡು ವರ್ಷವಾಯಿತು, ನಾಲ್ಕನ್ನೂ ನಾನೇ ಬ್ಯಾಲೆನ್ಸ್ ಮಾಡಿದ್ದೆ. ಎಲ್ಲಿ ಬೇಡವೋ ಅಲ್ಲಿ, ಎಷ್ಟು ಬೇಡವೋ ಅಷ್ಟು ಬಡಿದಿದ್ದೇನೆ.

ಊರಿನವರ ಚಕ್ರಕ್ಕೆಲ್ಲ ಮಣಿ ಹಾಕಿದವರು ಇದಕ್ಕೆ ಹಾಕಲಿಲ್ಲ. ಹಾಕುವ ಹಾಗಿರಲಿಲ್ಲ. ವೇಗದಲ್ಲಿ ಮಣಿ ಸದ್ದು ಮಾಡುವುದಿಲ್ಲ, ನಿಧಾನಕ್ಕೆ ಬಂದರೆ ಸರಸರ ಎನ್ನುತ್ತದೆ. ನಮ್ಮ ಓಣಿಯ ತಿರುವಿನಲ್ಲಿ ನಾನು ಕೇಳಿಸಿಕೊಂಡುಬಿಡುತ್ತಿದ್ದೆ. ಅದಕ್ಕೇ ನನ್ನ ತಪ್ಪನ್ನು ಹಾಗೇ ಇಟ್ಟುಕೊಂಡು, ಅದು ನನಗೆ ಗೊತ್ತಾಗದ ವೇಗದಲ್ಲಿ, ಐವತ್ತರಲ್ಲಿ, ನನ್ನ ಬೈಗುಳ ಕೇಳಿಕೊಂಡು ಓಡಿಸಿದರು.

ರಸ್ತೆಯ ಬದಿಯಲ್ಲಿ ಆ ಚಕ್ರ ತಬ್ಬಿಕೊಂಡು ಅತ್ತೆ. ಹೋಗಿ ಬರುವವರು ನೋಡಿದರೆ ನೋಡಲಿ. ಸೂಜಿಗೆ ತಡವಾಗುತ್ತದೆ ಏಳಿ ಎಂದು ಮೈದುನ ಎಬ್ಬಿಸಿದ.

ಏಪ್ರಿಲ್ ೨೪, ಗುರುವಾರ

ರೀ, ನಾನು ಬೈದದ್ದೆಲ್ಲ ವಾಪಸ್ ತೆಗೆದುಕೊಂಡೆ. ಮೆರವಣಿಗೆ ಎಂದದ್ದು, ಎತ್ತಿನ ಗಾಡಿ ಎಂದದ್ದು, ಗಾಳಿ ಮುಚ್ಚಿ ಎಂದದ್ದು.

ಮೇ ೨೦, ಮಂಗಳವಾರ

ರೀ, ಸ್ಟೀಲ್ ಪಟ್ಟಿಯನ್ನು ಗೆರೆಯ ಕೆಳಗಿಟ್ಟುಕೊಂಡು, ಅದಕ್ಕೆ ಬೆರಳು ಒತ್ತಿ ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿವೆಯೋ ಇಲ್ಲವೋ, ನಿಮ್ಮ ಅಗಲ ಗೆರೆ ಈಗ ಉಪಯೋಗಕ್ಕೆ ಬಂತು. ಅಂಗಡಿ ನಡೆಯುತ್ತಿದೆ. ನಿಮ್ಮ ತಮ್ಮ ಬ್ಯಾಲೆನ್ಸಿಂಗ್ ಚೆನ್ನಾಗಿ ಕಲಿತ. ನಾನು ಬಿಚ್ಚಿದ ಟೈರುಗಳ ಒಳಗೆ ಕೈಯಾಡಿಸಿ ಮೊಳೆ, ಗಾಜು ಹುಡುಕುತ್ತೇನೆ. ಕಣ್ಣಿದ್ದವರಿಗಿಂತ ಬೇಗ ಸಿಗುತ್ತದೆ. ಬ್ರೆಡ್ ವ್ಯಾನಿನವನು ಮೊನ್ನೆ, ತಕ್ಕಡಿ ಅಕ್ಕಾ, ಈಗ ಏನಂತ ಕರೀಲಿ ಎಂದ. ತಕ್ಕಡಿ ಎಂದೇ ಕರಿ, ಮುಳ್ಳು ಮುರಿದಿದೆ ಅಷ್ಟೇ ಎಂದೆ.

ಎರಡನೆಯ ಸೂಜಿ ಇವತ್ತು. ನಿಮ್ಮ ಕಾರಿನ ಚಕ್ರ ಮಶೀನಿಗೆ ಹಾಕಿ ಸರಿ ಮಾಡ್ತೀನಿ ಅತ್ತಿಗೆ ಎಂದು ನಿಮ್ಮ ತಮ್ಮ ನಿನ್ನೆ ಕೇಳಿದ. ನನ್ನ ಸೀಸಕ್ಕೆ ಕೈ ಹಚ್ಚಬೇಡ ಎಂದೆ. ನಿಮ್ಮ ಡಬ್ಬದಲ್ಲಿ ನಾಲ್ಕು ಚೀಲ ಉಳಿದಿದ್ದವು, ಲೆಕ್ಕ ಹಾಕಿ ಇಟ್ಟಂತೆ. ಕಂಪ್ರೆಸರ್ ಪಕ್ಕ ನೀವು ಕೂರುತ್ತಿದ್ದ ಜಾಗದಲ್ಲೇ ಕೂತು, ಗಾಳಿ ಬಿಟ್ಟು, ಆಲಿಕೆ ಹಿಡಿದು ನಾನೇ ಸುರಿದೆ. ಮಣಿಗಳು ಬೆರಳ ಸಂದಿಯಿಂದ ಜಾರಿ ಒಳಗೆ ಹೋದವು. ನಾಲ್ಕು ನೀಲಿ ಮುಚ್ಚಳ ಹಾಕಿದೆ. ಮಣಿದೆ ಕಣ್ರೀ. ಮೂರು ದಿನ ನಗಿ ಬೇಕಾದರೆ.

ಇವತ್ತು ಬೆಳಗ್ಗೆ ಓಣಿಯ ತಿರುವಿನಲ್ಲಿ ಸದ್ದು ಬಂತು. ಸರಸರ, ತುಂಬ ಮೆತ್ತಗೆ. ಎರಡು ವರ್ಷ ನೀವು ನನ್ನಿಂದ ಮುಚ್ಚಿಟ್ಟ ಸದ್ದು. ನಿಲ್ಲಿಸು ಎಂದು ಹೇಳಿ, ಹಿಂದೆ ತೆಗೆಸಿ, ಅದೇ ತಿರುವಿನಲ್ಲಿ ಇನ್ನೊಮ್ಮೆ ಗಾಡಿ ಬಿಡಿಸಿದೆ.

ದೊಡ್ಡ ರಸ್ತೆಯಲ್ಲಿ ಸದ್ದು ನಿಂತುಹೋಯಿತು. ನಿಮ್ಮ ತಮ್ಮನಿಗೆ ಹಿಗ್ಗು. "ನೋಡಿ ಅತ್ತಿಗೆ, ಎಂಬತ್ತು. ಒಂಚೂರೂ ಅಲುಗ್ತಿಲ್ಲ" ಎಂದ. ನಿಜ, ಮಡಿಲಲ್ಲಿಟ್ಟಿದ್ದ ನೀರಿನ ಬಾಟಲಿಯೂ ಅಲುಗಲಿಲ್ಲ. ಮರಗಳು ಹಿಂದಕ್ಕೆ ಓಡುತ್ತಿದ್ದವು. ನಿಮ್ಮ ಜೊತೆ ಕೂತಿದ್ದಾಗ ಇವೇ ಮರಗಳು ಒಂದೊಂದೇ ಬರುತ್ತಿದ್ದವು. ಇಷ್ಟು ಬೇಗ ಮುಟ್ಟಿಬಿಟ್ಟರೆ ಏನು ಮಾಡುವುದು ಅನ್ನಿಸಿತು.

"ಐವತ್ತಕ್ಕೆ ಇಳಿಸು" ಎಂದೆ.

"ಈಗೇನೂ ನಡುಗ್ತಿಲ್ವಲ್ಲ ಅತ್ತಿಗೆ."

"ಗೊತ್ತಪ್ಪಾ. ಇಳಿಸು."

ಅವನು ಇಳಿಸಿದ. ಹಿಂದೆ ಲಾರಿಯೊಂದು ಹಾರ್ನ್ ಹೊಡೆಯಲು ಶುರುಮಾಡಿತು, ಅದರ ಹಿಂದೆ ಇನ್ನೊಂದು. ನಾನು ನನ್ನ ಕಡೆಯ ಕಿಟಕಿಯಿಂದ ಕೈ ಹೊರಗೆ ಹಾಕಿ, ಹೋಗ್ರಪ್ಪಾ ಹೋಗಿ ಎಂದು ಸನ್ನೆ ಮಾಡುತ್ತಾ ಕೂತೆ.